ಗುಡ್ಡೆ ಮಾರಿದೆವು, ಸುರಂಗದ ನೀರು ಉಳಿಸಿಕೊಂಡೆವು

ಕಾಸರಗೋಡಿನ ಪೆರ್ಲದ ಸಮೀಪದ ನಮ್ಮ ಮನೆಯಲ್ಲಿ ಯಜಮಾನರು ಪಾರ್ಶ್ವವಾಯು ಬಡಿದು ಮಲಗಿ ಈ ಚೌತಿಗೆ ಮೂರು ವರ್ಷ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತೊದಲು, ಬುದ್ಧಿ ಚುರುಕು. ಮೊದಲ ಆರು ತಿಂಗಳ ಖರ್ಚನ್ನು ಬೆಂಗಳೂರಿನ ಮಗನೇ ಹೊತ್ತ. ಅವನು ಲೆಕ್ಕ ಹೇಳಲಿಲ್ಲ, ನಾನು ಕೇಳಲಿಲ್ಲ. ಸೊಸೆ ಬಳೆ ಅಡವಿಟ್ಟದ್ದು ಆಮೇಲೆ ತಿಳಿಯಿತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಕ್ಕಳಿಗೆಂದು ನಾಲ್ಕು ಎಕರೆ ಕಾಯುತ್ತ ಅದೇ ಮಕ್ಕಳನ್ನು ಸಾಲಕ್ಕೆ ತಳ್ಳುತ್ತಿದ್ದೆವು.

ಮರುದಿನದಿಂದ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆಯತೊಡಗಿದೆ. ತಿಂಗಳಿಗೆ ಹೋಮ್ ನರ್ಸ್‌ಗೆ 24,000, ಔಷಧಿಗೆ 5,500, ಡಯಾಪರ್‌ಗೆ 3,000, ಮಂಗಳೂರಿನ ಆಸ್ಪತ್ರೆಗೆ ಹೋಗಿಬರುವ ಕಾರಿಗೆ 3,500. ಒಟ್ಟು 36,000 ರೂಪಾಯಿ. ಮೂತ್ರದ ಕೊಳವೆ ಬದಲಿಸಲು, ಬೆನ್ನಿನ ಹುಣ್ಣಿಗೆ ಮದ್ದು ಕಟ್ಟಲು ಹಾಸಿಗೆ ಹಿಡಿದವರನ್ನು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ, ಅದಕ್ಕೆ ದುಡ್ಡಿಲ್ಲ. ಆರು ತಿಂಗಳು ನಾವು ವಿಚಾರಿಸಿಯೇ ಇರಲಿಲ್ಲ. ಅಡಿಕೆಯ ಆದಾಯವನ್ನು ನೆಚ್ಚುವಂತಿರಲಿಲ್ಲ. ಆ ವರ್ಷದ ಆಟಿ ತಿಂಗಳ ಮಳೆಯಲ್ಲಿ ಕೊಳೆರೋಗ ಅರ್ಧ ಫಸಲನ್ನು ಉದುರಿಸಿತ್ತು.

ರಬ್ಬರ್ ಇರುವ ಮೇಲಿನ ಗುಡ್ಡೆ, ಒಂದು ಎಕರೆ 20 ಸೆಂಟ್ಸ್ ಮಾರುವುದೆಂದು ಇಬ್ಬರೂ ನಿಶ್ಚಯಿಸಿದೆವು. ತೊಡಕಿದ್ದದ್ದು ಸುರಂಗದ್ದು. ನೀರಿಗಾಗಿ ಮಾವನವರು ಅಡ್ಡಕ್ಕೆ ತೋಡಿಸಿದ ಸುರಂಗ ಆ ಗುಡ್ಡೆಯ ಹೊಟ್ಟೆಯಲ್ಲಿದೆ. ಮನೆಗೂ ತೋಟಕ್ಕೂ ಅದೇ ನೀರು. ಸುರಂಗದ ಬಾಯಿ, ಅಲ್ಲಿಗೆ ಹೋಗುವ ದಾರಿ, ಪೈಪಿನ ಹಕ್ಕು ನಮಗೇ ಉಳಿಯಬೇಕು, ಗುಡ್ಡೆಯಲ್ಲಿ ಕೊಳವೆಬಾವಿ ಕೊರೆಯಬಾರದು ಎಂದು ಪತ್ರದಲ್ಲಿ ಬರೆಸಿದೆ. ಇದಕ್ಕಾಗಿ ಬೆಲೆಯಲ್ಲಿ ಸ್ವಲ್ಪ ಇಳಿಯಬೇಕಾಯಿತು. ಇಳಿದೆ.

ಜಾಗ ಇವರ ಹೆಸರಿನಲ್ಲಿದ್ದುದರಿಂದ ನೋಂದಣಿ ಅಧಿಕಾರಿ ಮನೆಗೇ ಬಂದರು. ಎದ್ದು ಹೋಗಲಾರದವರಿಗೆ ಕಾನೂನಿನಲ್ಲಿ ಆ ಅನುಕೂಲವಿದೆ. ನನ್ನನ್ನು ಹೊರಗೆ ಕಳುಹಿಸಿ ಇವರನ್ನೇ ಕೇಳಿದರು. ಬಾಗಿಲ ಸಂದಿಯಿಂದ ಕೇಳಿಸಿತು: “ನನ್ನ... ಜಾಗ. ನನ್ನ... ಮದ್ದಿಗೆ.” ಎಡಗೈ ಹೆಬ್ಬೆಟ್ಟಿಗೆ ಅಂಟಿದ ಶಾಯಿಯನ್ನು ನಾನು ತೆಂಗಿನೆಣ್ಣೆ ಹಚ್ಚಿ ಒರೆಸಿದೆ.

ಬಂದ ಹಣದಲ್ಲಿ ಮೊದಲು ಸೊಸೆಯ ಬಳೆ ಬಿಡಿಸಿದೆವು. 30 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಜಂಟಿಯಾಗಿ ಇಟ್ಟೆವು. ಶೇಕಡಾ 8.2ರ ಬಡ್ಡಿಯಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಕೊರತೆಯನ್ನು ಅಡಿಕೆ ತುಂಬುತ್ತದೆ.

ಉಳಿದ ಜಾಗವನ್ನು ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಡಿ ಎಂದವರು ಹಲವರು. ನಾನು ಒಪ್ಪಲಿಲ್ಲ. ನಮ್ಮ ಬಂಧುಗಳೊಬ್ಬರು ದಾನಪತ್ರ ಮಾಡಿಕೊಟ್ಟು ಈಗ ಟ್ರಿಬ್ಯೂನಲ್‌ಗೆ ಅಲೆಯುತ್ತಿದ್ದಾರೆ. ನೋಡಿಕೊಳ್ಳಬೇಕೆಂಬ ಶರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯಿದೆಯ 23ನೇ ಕಲಮಿನಡಿ ರದ್ದು ಮಾಡಿಸಬಹುದು. ಅವರ ಪತ್ರದಲ್ಲಿ ‘ಪ್ರೀತಿಯಿಂದ’ ಎಂದಿತ್ತು, ಶರತ್ತು ಇರಲಿಲ್ಲ. ನನ್ನ ಮಕ್ಕಳು ಅಂಥವರಲ್ಲ. ಆದರೂ ಉಯಿಲನ್ನೇ ಬರೆಸಿದೆವು: ಇವರ ಕಾಲಾನಂತರ ನನಗೆ, ನನ್ನ ನಂತರ ಇಬ್ಬರಿಗೂ ಸಮಪಾಲು. ಸಾಕ್ಷಿಗಳು ಇಬ್ಬರು. ಬದುಕಿರುವವರೆಗೆ ಬದಲಿಸುವ ಅಧಿಕಾರ ಬರೆದವರ ಕೈಯಲ್ಲೇ ಇರುತ್ತದೆ.

ಪುತ್ತೂರಿನ ಮಗಳು “ಅಜ್ಜನ ಗುಡ್ಡೆಯಮ್ಮಾ” ಎಂದು ಅತ್ತಿದ್ದಳು. ಎರಡು ತಿಂಗಳು ಫೋನು ಮಾಡಲಿಲ್ಲ. ಇನ್ನೂ ಅವಳಿಗೆ ಪೂರ್ತಿ ಸಮಾಧಾನವಿಲ್ಲ. ಕಳೆದ ಸಲ ಬಂದವಳು ಒಬ್ಬಳೇ ಸುರಂಗದ ಬಾಯಿಯವರೆಗೆ ಹತ್ತಿ, ಒಂದು ತಂಬಿಗೆ ನೀರು ತಂದು ಅಪ್ಪನಿಗೆ ಚಮಚದಲ್ಲಿ ಕುಡಿಸಿದಳು.