ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗೋದು ಹೇಗೆ?

ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅದು ಮುಗಿಯುವ ಹೊತ್ತಿಗೆ ಮಗುವಿಗೆ ನೆಟ್ಟಗೆ ಕೂರಲೂ ಬಂದಿರುವುದಿಲ್ಲ. ಅಜ್ಜಿ ಬಂದಿರಲು ಆಗದಿದ್ದರೆ, ಡೇ ಕೇರ್ ದುಬಾರಿ ಅನ್ನಿಸಿದರೆ, ಕೆಲಸ ಬಿಡುವುದು ಹೆಚ್ಚಾಗಿ ತಾಯಿಯೇ ಅಲ್ವಾ? ಬಿಡುವ ಮುಂಚೆ ಇಷ್ಟು ಮಾಡಿ.

ಮೊದಲು ಕೆಲಸದ ಜಾಗದಲ್ಲೇ ಕೇಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಲೇಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತಿದೆ. ಗಂಡಸರನ್ನೂ ಸೇರಿಸಿಯೇ 50ರ ಲೆಕ್ಕ. "ನಮ್ಮಲ್ಲಿ ಹೆಂಗಸರು ಹತ್ತೇ ಜನ" ಅಂದರೆ ಒಪ್ಪಬೇಡಿ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ವಿಶ್ರಾಂತಿಯ ಬಿಡುವೂ ಆ ನಾಲ್ಕರಲ್ಲೇ ಸೇರಿದೆ.

ಬಾಯಿಮಾತಲ್ಲಿ ಕೇಳಿ ಸುಮ್ನೆ ಕೂರಬೇಡಿ. ಹೆಸರು, ವಿಭಾಗ, ಮಗುವಿನ ವಯಸ್ಸು, ಕೆಲಸಕ್ಕೆ ಮರಳುವ ತಾರೀಖು ಬರೆದು ಅರ್ಜಿ ಕೊಡಿ. ಇನ್ನೊಂದು ಪ್ರತಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ನಾಲ್ಕೈದು ಜನ ಸೇರಿ ಕೊಟ್ಟರೆ ಬಲ ಜಾಸ್ತಿ. ಉತ್ತರ ಬರದಿದ್ದರೆ ಆ ಪ್ರತಿ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ.

ಹಳ್ಳಿಯಲ್ಲಿ ಕೂಲಿಗೆ ಹೋಗುವವರು ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಅನ್ನೋ ಶಿಶುಪಾಲನಾ ಕೇಂದ್ರ ಇದೆಯಾ ವಿಚಾರಿಸಿ. ನರೇಗಾ ಕೆಲಸದ ತಾಯಂದಿರನ್ನು ನೆನೆದು ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4000 ಪಂಚಾಯಿತಿಗಳಿಗೆ ಇದನ್ನು ಘೋಷಿಸಿತು. ಅಂಗನವಾಡಿಯಲ್ಲಿ ಕೂತು ಕಲಿಯುವುದು 3 ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗೇ ಕೂಸಿನ ಮನೆ. ಕೇಂದ್ರದ 'ಪಾಲ್ನಾ' ಯೋಜನೆಯಲ್ಲಿ ಕೆಲವು ಅಂಗನವಾಡಿಗಳೇ ಶಿಶುಪಾಲನಾ ಕೇಂದ್ರವೂ ಆಗಿವೆ. ಅಲ್ಲಿ 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳನ್ನು ಬಿಡಬಹುದು. ಹತ್ತಿರದಲ್ಲಿ ಎಲ್ಲಿದೆ ಅಂತ ಅಂಗನವಾಡಿ ಟೀಚರ್‌ನ್ನೋ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲೋ ಕೇಳಿ.

ಜಾಗ ಸಿಕ್ಕಿತು ಅಂತ ಮಗುವನ್ನು ಬಿಟ್ಟು ಬರಬೇಡಿ. ಮೊದಲು ಹನ್ನೊಂದು ಗಂಟೆ ಹೊತ್ತಿಗೆ, ಹೇಳದೆ, ಒಂದು ಸಲ ಹೋಗಿ. ನೆಲದ ಮೇಲೆ ಕೂತು ಮಗುವಿನ ಎತ್ತರದಿಂದ ನೋಡಿ. ಪ್ಲಗ್ ಪಾಯಿಂಟ್ ಕೈಗೆಟಕುತ್ತಾ? ನೀರಿನ ಬಕೆಟ್ ಮುಚ್ಚಿದೆಯಾ? ಬಾಗಿಲ ಚಿಲಕ ಎಷ್ಟು ಮೇಲಿದೆ? ಒಂದು ಮಗು ಅತ್ತರೆ ಯಾರಾದರೂ ಬಂದು ಎತ್ತಿಕೊಳ್ಳಲು ಎಷ್ಟು ಹೊತ್ತಾಗುತ್ತದೆ? ಗೋಡೆಯ ಬಣ್ಣ, ಚಿತ್ರ ಎಲ್ಲಕ್ಕಿಂತ ನಾನು ನೋಡುವುದು ಇದನ್ನೇ.

ಕೆಲಸಕ್ಕೆ ಮರಳುವ ಒಂದು ವಾರ ಮುಂಚೆಯೇ ರೂಢಿ ಮಾಡಿಸಿ. ಮೊದಲ ದಿನ ಒಂದು ಗಂಟೆ, ನೀವೂ ಪಕ್ಕದಲ್ಲಿರಿ. ಮಾರನೇ ದಿನ ಎರಡು ಗಂಟೆ. ಚೀಲದಲ್ಲಿ ಬಟ್ಟೆಯ ಜೊತೆ ನೀವು ಉಟ್ಟ ಹಳೇ ಹತ್ತಿ ಸೀರೆಯನ್ನೂ ಇಡಿ. ಆಯಾ ಅದನ್ನು ಹಾಸಿ ಮಲಗಿಸಲಿ, ಅಮ್ಮನ ವಾಸನೆ ಇರುತ್ತದೆ.