ಬ್ರಾಂಚ್ ಒಂದು ರಾತ್ರಿ ದಾಟಬಾರದು

ಮೂವತ್ತು ಜನ ಡೆವಲಪರುಗಳು ದಿನಾ ಒಂದೇ ಮೇನ್ ಬ್ರಾಂಚಿಗೆ, ಅಂದರೆ ಎಲ್ಲರ ಕೋಡ್ ಕೂಡುವ ಮೂಲ ಪ್ರತಿಗೆ, ಕೋಡ್ ಸೇರಿಸಿದರೆ ಎಲ್ಲ ಎಕ್ಕುಟ್ಟಿಹೋಗುತ್ತದೆ ಅಂದವರೇ ಜಾಸ್ತಿ. ಬೆಂಗಳೂರಿನ ಹಳೇ ಗೆಳೆಯರೂ ಅದನ್ನೇ ಅಂದರು. ತುಮಕೂರಿನ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಈಗ ಎರಡು ವರ್ಷದಿಂದ ಅದೇ ನಡೆಯುತ್ತಿದೆ. ವಾರಕ್ಕೆರಡು ರಿಲೀಸ್, ಎಲ್ಲರೂ ಆರೂವರೆಗೆ ಮನೆಗೆ.

ಮೊದಲು ಒಂದೊಂದು ಟೀಮಿಗೆ ಒಂದೊಂದು ಬ್ರಾಂಚ್, ಅಂದರೆ ಕೋಡಿನ ಬೇರೆ ಪ್ರತಿ, ಇತ್ತು, ಒಂದೂವರೆ ತಿಂಗಳು ಬದುಕುತ್ತಿತ್ತು. ತಿಪಟೂರಿನ ಕೊಬ್ಬರಿ ಮಂಡಿಗಳಿಗೆ ಬಿಲ್ಲಿಂಗ್ ಮಾಡುತ್ತಿದ್ದಾಗ ಒಂದು ಟೀಮ್ ತೂಕವನ್ನು ಕೆಜಿಯಿಂದ ಗ್ರಾಮಿಗೆ ಬದಲಾಯಿಸಿತು. ಇನ್ನೊಂದು ಟೀಮ್ ತನ್ನ ಬ್ರಾಂಚಿನಲ್ಲಿ ಕೆಜಿ ಅಂತಲೇ ಹೊಸ ಲೆಕ್ಕ ಬರೆಯಿತು. ಫೈಲ್ ಬೇರೆ ಬೇರೆ, ಹಾಗಾಗಿ ಎಲ್ಲರ ಬದಲಾವಣೆ ಜೋಡಿಸುವ ಗಿಟ್ ಒಂದು ಕಾನ್‌ಫ್ಲಿಕ್ಟ್ (ತಿಕ್ಕಾಟ) ಕೂಡ ತೋರಿಸಲಿಲ್ಲ. ಎರಡೂ ಕಡೆ ಟೆಸ್ಟ್ ಪಾಸ್. ಎರಡೂ ಬ್ರಾಂಚ್ ಕೂಡಿ ಮರ್ಜ್ ಆದ ಮೇಲೆ ಗ್ರಾಮನ್ನೇ ಕೆಜಿ ಅಂತ ಲೆಕ್ಕ ಹಾಕಿ ಬಿಲ್ ಸಾವಿರ ಪಟ್ಟು! ಕ್ಲೈಂಟ್ ಒಂದು ಕಂತು ತಡೆಹಿಡಿದರು, ಸುಮಾರು ನಾಲ್ಕು ಲಕ್ಷ.

ಅಲ್ಲಿಂದ ಉದ್ದ ಬ್ರಾಂಚ್ ಬಂದ್. ಮುಗಿಯದ ಕೆಲಸವೂ ಅದೇ ದಿನ ಮೇನ್‌ಗೆ ಹೋಗಬೇಕು, ಆದರೆ ಅದರ ಫೀಚರ್ ಫ್ಲ್ಯಾಗ್, ಅಂದರೆ ಆ ಕೋಡನ್ನು ಆನ್-ಆಫ್ ಮಾಡುವ ಸ್ವಿಚ್, ಆಫ್ ಇರಬೇಕು. ಪ್ರತಿ ಫೋಲ್ಡರಿಗೆ ಅದರ ಬದಲಾವಣೆ ನೋಡಿ ಒಪ್ಪುವ ಇಬ್ಬರು ಓನರ್. ಒಬ್ಬರು ರಜೆ ಹಾಕಿದರೂ ರಿವ್ಯೂ ನಿಲ್ಲುವುದಿಲ್ಲ. ಫ್ಲ್ಯಾಗಿಗೆ ಕೊನೇ ದಿನಾಂಕ ಕಡ್ಡಾಯ, ಅದು ದಾಟಿದರೆ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಹಂತ) ಫೇಲ್. ಹಳೇ ಫ್ಲ್ಯಾಗಿನ ಹೆಸರನ್ನು ಮತ್ತೆ ಬಳಸುವಂತೆಯೇ ಇಲ್ಲ. 2012ರಲ್ಲಿ ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್‌ನಲ್ಲಿ ಹಾಗೆ ಬಳಸಿದ್ದರು, ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ, ಫ್ಲ್ಯಾಗ್ ಆನ್ ಆದಾಗ ಅಲ್ಲಿ ಹಳೇ ಕೋಡೇ ಓಡಿತು. ಮುಕ್ಕಾಲು ಗಂಟೆಯಲ್ಲಿ ಸುಮಾರು 44 ಕೋಟಿ ಡಾಲರ್ ನಷ್ಟ. ಹೊಸಬರಿಗೆ ಮೊದಲ ದಿನವೇ ಈ ಕಥೆ ಹೇಳುತ್ತೇನೆ.

ನಿಜವಾದ ಪೆಟ್ಟು ಬಿದ್ದದ್ದು ದುಡ್ಡಿಗೆ. ದಿನಕ್ಕೆ ಐವತ್ತು-ಅರವತ್ತು ಮರ್ಜ್, ಪ್ರತಿಯೊಂದಕ್ಕೂ ಪೂರ್ತಿ ಟೆಸ್ಟ್. ಟೆಸ್ಟ್ ಓಡಿಸುವ ಬಾಡಿಗೆ ಸರ್ವರುಗಳ ಕ್ಲೌಡ್ ಬಿಲ್ ತಿಂಗಳಿಗೆ ಒಂದೂವರೆ ಲಕ್ಷ ಮುಟ್ಟಿತು. "ಇದನ್ನು ನಿಲ್ಲಿಸಿಬಿಡಿ ಸಾರ್" ಅಂತ ಅಕೌಂಟ್ಸ್‌ನವರು ಕೂತುಬಿಟ್ಟರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಟೆಸ್ಟ್ ನಮ್ಮಲ್ಲೇ ಓಡಿಸಲು, ನಾಲ್ಕು ಸೆಕೆಂಡ್‌ಹ್ಯಾಂಡ್ ಮಷೀನ್ ತಂದೆ. ಯುಪಿಎಸ್ ಸೇರಿ ಎರಡು ಲಕ್ಷದ ಒಳಗೇ ಆಯಿತು. ಈಗ ಕ್ಲೌಡಿಗೆ ಇಪ್ಪತ್ತು ಸಾವಿರ ಹೋದರೆ ಹೆಚ್ಚು. ಐವತ್ತು ನಿಮಿಷದ ಟೆಸ್ಟ್ ಹನ್ನೆರಡಕ್ಕೆ ಇಳಿದಿದೆ. ಯಾವ ಟೆಸ್ಟ್ ಮೊದಲು ಓಡಬೇಕು ಅಂತ ಹೇಗೆ ಆರಿಸುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನಮ್ಮ ಹೊಟ್ಟೆಪಾಡು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ಬಗ್ ಟಿಕೆಟ್ ಕನ್ನಡದಲ್ಲೇ ಬರೆಯಿರಿ ಅಂದೆ. ಮೊದಲು ಬರೀ "ಡಿಡಕ್ಷನ್ ಇಶ್ಯೂ" ಅಂತ ಬರುತ್ತಿತ್ತು. ಈಗ "ತೂಕ ತಿದ್ದಿದರೆ ಹಮಾಲಿ ಎರಡು ಸಲ ಕಟ್ ಆಗ್ತಿದೆ" ಅಂತ ಬರುತ್ತದೆ. ಡೆವಲಪರ್ ಯಾರಿಗೂ ಫೋನ್ ಮಾಡದೆ ಸೀದಾ ಕೆಲಸಕ್ಕೆ ಕೂರಬಹುದು, ಅಲ್ವಾ? ಕೋಡ್ ಸೇರಿಸುವಾಗ ಬರೆಯುವ ಕಮಿಟ್ ಮೆಸೇಜಿಗೆ ಮಾತ್ರ ಇದು ಒಗ್ಗಲಿಲ್ಲ. ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಿದ್ದರು, ಲಾಗ್‌ನಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಬಿಟ್ಟೆವು.

ಒಂದೇ ಮೇನ್ ಬ್ರಾಂಚಿನ ಈ ಪದ್ಧತಿ ಶುರು ಮಾಡುವವರು ಡೇಟಾಬೇಸ್ ಕಡೆ ಹುಷಾರಾಗಿರಿ, ಅಲ್ಲಿ ಫ್ಲ್ಯಾಗ್ ಒಂದೇ ಸಾಲದು. ಕಾಲಂ ಬದಲಾಯಿಸಬೇಕಾದರೆ ಮೊದಲು ಹೊಸ ಕಾಲಂ ಸೇರಿಸಿ. ಸ್ವಲ್ಪ ದಿನ ಎರಡಕ್ಕೂ ಬರೆಯಿರಿ, ಹಳೇ ಡೇಟಾ ತುಂಬಿಸಿ, ಓದುವುದನ್ನು ಹೊಸದಕ್ಕೆ ತಿರುಗಿಸಿ. ಹಳೇ ಕಾಲಂ ತೆಗೆಯುವುದು ಬೇರೆ ರಿಲೀಸಿನಲ್ಲಿ, ಅದೂ ಶುಕ್ರವಾರ ಬೇಡ.