ಮಗ್ಗದ ಮನೆಯ ಮಕ್ಕಳ ಮಾತು: ನನ್ನ ಅನುಭವ

ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಗೋಡೆಯ ಆಚೆ ಪಾವರ್‌ಲೂಮ್, ಈಚೆ ತೊಟ್ಟಿಲು. ಮಗ್ಗ ಓಡುವಾಗ ಮಾತಾಡಬೇಕೆಂದರೆ ಚೀರಬೇಕು. ಅದಕ್ಕೇ ಗಂಡ ಹೆಂಡತಿ ಕೈಸನ್ನೆಯಲ್ಲೇ ಮುಗಿಸುತ್ತಾರೆ. ನೇಯ್ದಷ್ಟಕ್ಕೆ ಕೂಲಿ. ಮಗ್ಗ ನಿಲ್ಲಿಸಿ ಮಗುವಿನ ಜೊತೆ ಕೂತರೆ ಅಷ್ಟು ದುಡಿಮೆ ಹೋಯಿತು.

ಇಂಥ ಮನೆಯ ಮಕ್ಕಳು ಮೂರು ತುಂಬಿ ನಮ್ಮಲ್ಲಿಗೆ ಬಂದಾಗ ಬಹಳ ಸಲ ಬಾಯೇ ಬಿಡುವುದಿಲ್ಲ. ಪಕ್ಕದಲ್ಲೇ ನೌಕರಿಯವರ ಮನೆಯ ಮಗು ಪಟಪಟ ಅಂತ ಉತ್ತರ ಕೊಡುತ್ತದೆ. 'ಇದೇನು? ಇದ್ಯಾವ ಬಣ್ಣ?' ಅಂತ ದೊಡ್ಡವರು ಗೊತ್ತಿದ್ದೇ ಕೇಳುವುದು ಅದಕ್ಕೆ ಮನೆಯಲ್ಲೇ ರೂಢಿ. ಮಗ್ಗದ ಮನೆಯಲ್ಲಿ ಹಾಗೆ ಕೇಳುವವರು ಯಾರು? ಅವ್ವನ ಕೈಯಲ್ಲಿರುವ, ನೂಲು ಸುತ್ತುವ ಕಂಡಿಕೆ ಮಗುವಿಗೂ ಕಾಣುತ್ತದೆ, ಅಲ್ವಾ?

ಒಬ್ಬ ಹುಡುಗ ಹಣ್ಣಿನ ಚಾರ್ಟ್ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಅವನ ಮುಂದೆ ಮಗ್ಗದಲ್ಲಿ ಅಡ್ಡ ನೂಲು ಹಿಡಿದು ಓಡುವ ಒಂದು ಹಳೇ ಲಾಳಿ, ಎರಡು ಖಾಲಿ ಕಂಡಿಕೆ ಇಟ್ಟು ಸುಮ್ನೆ ಪಕ್ಕದಲ್ಲಿ ಕೂತೆ. ಲಾಳಿಯನ್ನು ನೆಲದ ಮೇಲೆ ಆಚೀಚೆ ಓಡಿಸಿದ. ಆಮೇಲೆ ತಟ್ಟನೆ ನಿಲ್ಲಿಸಿದ.

"ಎಳಿ ಹರೀತ್ರಿ ಟೀಚರ್."

"ಹೌದಾ? ಈಗೇನ್ ಮಾಡೋದು?"

"ಅಪ್ಪ ಮಗ್ಗಾ ನಿಂದರಸ್ತಾನ. ಗಂಟ ಹಾಕ್ತಾನ. ಮತ್ತ ಚಾಲೂ ಮಾಡ್ತಾನ."

ಕಣ್ಣೆದುರು ಇಲ್ಲದ್ದನ್ನು ಸಾಲಾಗಿ ಹೇಳಿದನಲ್ಲ, ಶಾಲೆ ಕೇಳುವುದೂ ಇದನ್ನೇ. ಅವನಿಗೆ ಭಾಷೆ ಇತ್ತು. ತಿರುಗಿ ಕೇಳುವವರು ಬೇಕಿತ್ತು. ಅಂದಿನಿಂದ ಹೊಸ ಮಗು ಬಂದರೆ ಮೊದಲು ಅದರ ಮನೆಯ ಸಾಮಾನಿನಿಂದಲೇ ಶುರು ಮಾಡುತ್ತೇನೆ. ಚಾರ್ಟ್ ಆಮೇಲೆ. ಒಂದು ಪ್ರಶ್ನೆ ಕೇಳಿದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಕಾಯುತ್ತೇನೆ. ಈ ಕಾಯುವುದೇ ಕಷ್ಟದ ಕೆಲಸ.

ಅಮೆರಿಕದ ಸಂಶೋಧಕರಾದ ಹಾರ್ಟ್ ಮತ್ತು ರಿಸ್ಲಿ 42 ಕುಟುಂಬಗಳ ಮಾತು ದಾಖಲಿಸಿ, ಬಡ ಮನೆಯ ಮಕ್ಕಳ ಕಿವಿಗೆ ಬೀಳುವ ಮಾತು ಬಹಳ ಕಡಿಮೆ ಎಂದು 1995ರಲ್ಲಿ ಬರೆದರು. ಆ ಲೆಕ್ಕದ ಬಗ್ಗೆ ಆಮೇಲೆ ತಕರಾರು ಎದ್ದವು. ನನಗೆ ಹೆಚ್ಚು ಒಪ್ಪಿಗೆಯಾಗಿದ್ದು 2018ರಲ್ಲಿ ಅಲ್ಲಿನದೇ ಸಂಶೋಧಕಿ ರೇಚಲ್ ರೋಮಿಯೋ ತಂಡ ಕಂಡುಕೊಂಡದ್ದು. ಕೇಳಿದ ಮಾತಿನ ಎಣಿಕೆಗಿಂತ, ದೊಡ್ಡವರೂ ಮಗುವೂ ಸರದಿಯಲ್ಲಿ ಆಡುವ ಮಾತಿಗೂ ಮೆದುಳಿನ ಭಾಷೆಯ ಕೆಲಸಕ್ಕೂ ನಂಟು ಜಾಸ್ತಿ ಇತ್ತು. ಮನೆಯ ಆದಾಯ ಲೆಕ್ಕಕ್ಕೆ ಹಿಡಿದರೂ ಅದು ಹಾಗೇ ಉಳಿಯಿತು.

ಅದಕ್ಕೇ ತಾಯಂದಿರ ಸಭೆಯಲ್ಲಿ 'ಜಾಸ್ತಿ ಮಾತಾಡಿ' ಎಂಬ ಉಪದೇಶ ಮಾಡುವುದಿಲ್ಲ. ಅವರಿಗೆ ಹೊತ್ತೆಲ್ಲಿದೆ? ಕರೆಂಟ್ ಹೋದಾಗ ಮಗ್ಗ ತಾನಾಗೇ ನಿಲ್ಲುತ್ತದೆ. ಆಗ ಮೊಬೈಲ್ ಬದಿಗಿಟ್ಟು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅದು ಒಂದು ಮಾತು ಹೇಳಿದರೆ ನೀವೊಂದು ಹೇಳಿ ಅನ್ನುತ್ತೇನೆ. ರೊಟ್ಟಿ ಬಡಿಯುವಾಗ, ಮಗುವಿಗೆ ನೀರು ಎರೆಯುವಾಗಲೂ ಅಷ್ಟೇ. ಆಯಿಗಳಿಗೆ, ಅಂದರೆ ಅಜ್ಜಿಯರಿಗೆ, ಕಥೆ ಹೇಳಿ ಅಂತ ಕಲಿಸುವ ಅಗತ್ಯವೇ ಇಲ್ಲ. ಕಥೆಯ ನಡುವೆ 'ಮುಂದೇನಾತು, ಹೇಳ ನೋಡೋಣ' ಅಂತ ನಿಲ್ಲಿಸಿರಿ ಅಂದರೆ ಸಾಕು.

ಇಷ್ಟಾದರೂ ಮಾತು ಬಾರದ ಮಗುವನ್ನು ಮನೆಯ ಪರಿಸ್ಥಿತಿ ಅಂತ ಬಿಡಬಾರದು. ಬಾಲ ಸ್ವಾಸ್ಥ್ಯ ತಂಡದ ಡಾಕ್ಟರು ತಪಾಸಣೆಗೆ ಬಂದಾಗ ಅಂಥ ಮಗುವಿನ ಕಿವಿ ನೋಡಿಸಲೇಬೇಕು ಅಂತ ನಾನು ಪಟ್ಟು ಹಿಡಿಯುತ್ತೇನೆ. ಮಗುವಿನ ಪ್ರಗತಿ ಬರೆಯುವಾಗ 'ಮಾತು ಕಡಿಮೆ' ಎಂದಷ್ಟೇ ಗೀಚುವುದೂ ಇಲ್ಲ. ಅದು ಆಡಿದ ಒಂದು ಪೂರ್ತಿ ಮಾತನ್ನು ಆಡಿದ ಹಾಗೇ ಬರೆದಿಡುತ್ತೇನೆ, ಒಂದನೇ ತರಗತಿಯ ಟೀಚರ್‌ಗೆ ತೋರಿಸಲು.